ಗೋಪುರದ ಸೀಸೆ

2020 ಮಾರ್ಚ್ 18, ಬುಧವಾರ

ಇವತ್ತಿನಿಂದ ಯಾರೂ ಮನೆ ಬಿಟ್ಟು ಹೊರಡುವಂತಿಲ್ಲ. ಹದಿನಾಲ್ಕನೇ ಮಹಡಿಯ ಅಡುಗೆಮನೆ ಕಿಟಕಿಯಿಂದ ಈ ಪರದೇಶದ ಮಾಂಟ್ ಕಿಯಾರಾ ಬಡಾವಣೆಯ ರಸ್ತೆ ಪೂರ್ತಿ ಕಾಣುತ್ತದೆ. ಶಾಲೆಯ ವ್ಯಾನುಗಳಿಲ್ಲ. ಕೆಳಗೆ ಕಾವಲಿನವನು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಸುಮ್ಮನೆ ಕೂತಿದ್ದ.

ಈ ಡೈರಿ ನಾನು ಅಡುಗೆಗಿರುವ ಈ ಮನೆಯ ಯಜಮಾನರು ನರಹರಿ ಅಣ್ಣನ ಕಂಪನಿಯದು. ಹೋದ ವಾರ ಅವರ ಅಕ್ಕನ ಮಗಳ ಮದುವೆಗೆ ಮೈಸೂರಿಗೆ ಹೊರಡುವಾಗ ಕೊಟ್ಟರು. "ನೀನು ಯಾರ ಹತ್ರಾನೂ ಬಾಯಿ ಬಿಡಲ್ಲ ದೇವಕಿ. ಇದರ ಹತ್ರ ಆದ್ರೂ ಮಾತಾಡು" ಎಂದರು. ನಾನು ತಲೆಯಾಡಿಸಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಪ್ಪನ ಜೊತೆ ಮದುವೆಮನೆಗಳ ಅಡುಗೆಗೆ ಹೋಗುವಾಗ ಸಾಮಾನಿನ ಪಟ್ಟಿ ಬರೆಯುವುದು ನನ್ನ ಕೆಲಸವಾಗಿತ್ತು. ಅಕ್ಷರ ಮರೆಯದೆ ಉಳಿದದ್ದು ಅದರಿಂದ. ಪಟ್ಟಿಗಿಂತ ಉದ್ದದ್ದನ್ನು ಬರೆದು ಅಭ್ಯಾಸವಿಲ್ಲ.

ಅಣ್ಣ ಇನ್ನೊಂದನ್ನೂ ನನಗೆ ಒಪ್ಪಿಸಿ ಹೋದರು. ಅವರ ಆಫೀಸು ಕೋಣೆಯ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಅದರಲ್ಲಿ ಒಂದು ಸೀಸೆ. "ನೋಡಮ್ಮ, ಇದನ್ನ ನಿಲ್ಲಿಸಬಾರದು, ಮಲಗಿಸೇ ಇಡಬೇಕು. ಬಿಸಿ ತಾಗಬಾರದು. ಆ ಕೋಣೆ ಗುಡಿಸೋಳು ನೀನು, ಅದಕ್ಕೆ ನಿನಗೆ ಹೇಳ್ತಿದೀನಿ" ಎಂದರು. ಸೀಸೆಯ ಚೀಟಿಯ ಮೇಲೆ ಗೋಪುರವಿರುವ ಒಂದು ಕಟ್ಟಡದ ಚಿತ್ರ. ನಾನು ದೇವಸ್ಥಾನ ಅಂದುಕೊಂಡು, ತೀರ್ಥವೋ ಎಂದು ಕೇಳಿದೆ. ಅಣ್ಣ ನಗು ತಡೆದುಕೊಂಡು, ಅಲ್ಲ, ಫ್ರಾನ್ಸಿನ ವೈನು ಎಂದರು. ನನ್ನ ಕಿವಿ ಬಿಸಿಯಾಯಿತು.

ಮಾರ್ಚ್ 27

ಭಾರತದಲ್ಲೂ ಎಲ್ಲ ಮುಚ್ಚಿದರು. ಅಣ್ಣನ ವಿಮಾನ ರದ್ದಾಗಿದೆ. ಮದುವೆಯೂ ಮುಂದಕ್ಕೆ ಹೋಯಿತಂತೆ.

ಅಣ್ಣನ ತಾಯಿ ಗಿರಿಜಮ್ಮನವರಿಗೆ ಮಂಡಿನೋವು, ಅದಕ್ಕೇ ಅವರು ಮಗನ ಜೊತೆ ಹೋಗಲಿಲ್ಲ. "ಮದುವೆಗೆ ಹೋದವನು, ಮದುವೇನೂ ಇಲ್ಲ ವಾಪಸ್ಸೂ ಇಲ್ಲ. ಛತ್ರದಲ್ಲೇ ಕೂತಿರಲಿ" ಎಂದರು. ಅಣ್ಣನ ಹೆಂಡತಿ ಅನಿತಕ್ಕ ನಗಲಿಲ್ಲ. ಗಂಡನ ಆಫೀಸು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಎಸಿ ಓಡುತ್ತಿರುತ್ತದೆ. ಸೀಸೆಗೆ ಒಳ್ಳೆಯದಾಯಿತು.

ಏಪ್ರಿಲ್ 9

ಅವರೇಕಾಳು ಮುಗಿಯಿತು. ಪಕ್ಕದ ಮನೆಯ ಸೀತಾಲಕ್ಷ್ಮಿ ಅಮ್ಮ ಬಾಗಿಲ ಹೊರಗೆ ಕರಿಬೇವು ಇಟ್ಟು ಹೋದರು. ಗಿರಿಜಮ್ಮನವರು ಅದನ್ನು ಮೂರು ಸಲ ತೊಳೆಸಿದರು.

ಏಪ್ರಿಲ್ 22

ಅಣ್ಣನ ಮಗಳು ನವ್ಯಾಳ ಶಾಲೆಯಲ್ಲಿ, ಮನೆಯ ಒಂದು ವಸ್ತುವಿನ ಚರಿತ್ರೆ ಹೇಳಬೇಕು ಎಂದು ಕೆಲಸ ಕೊಟ್ಟಿದ್ದಾರೆ. ಅಜ್ಜಿ ಬೆಳ್ಳಿ ಪಂಚಪಾತ್ರೆ ಹೇಳು ಎಂದರು. ನವ್ಯಾ ಸೀಸೆಯೇ ಬೇಕೆಂದಳು. ಪೆಟ್ಟಿಗೆ ಹಿಡಿದು ಹಜಾರಕ್ಕೆ ಬರುವಾಗ ಅದು ಅಜ್ಜಿಯ ಸೀರೆಗೆ ತಾಗಿತು.

"ಆಯ್ತು, ಇನ್ನೊಂದ್ ಸಲ ಸ್ನಾನ. ಆ ಹೆಂಡ ತಂದು ನನ್ನ ಮೈಗೆ ಮುಟ್ಟಿಸ್ತೀಯಲ್ಲೇ."

"ಅಜ್ಜಿ, ಇಟ್ಸ್ ಜಸ್ಟ್ ಗ್ರೇಪ್ಸ್ ಲಾ."

"ಗ್ರೇಪ್ಸೂ ಅಂತೆ. ಕೊಳೆತ ದ್ರಾಕ್ಷಿಗೆ ನಿಮ್ಮಪ್ಪ ಹಾಸಿಗೆ ಹಾಸಿ ಮಲಗಿಸಿದಾನೆ" ಎನ್ನುತ್ತಾ ಬಚ್ಚಲಿಗೆ ಹೋದರು.

ನವ್ಯಾಳಿಗೆ ಹನ್ನೆರಡು ವರ್ಷ. ಇಲ್ಲೇ ಹುಟ್ಟಿದವಳು. ನಾವು ಹೇಳುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ರಾತ್ರಿ ಊಟಕ್ಕೆ ಮುಂಚೆ ಅಪ್ಪನಿಗೆ ವಿಡಿಯೋ ಕರೆ ಮಾಡಿ ಕತೆ ಕೇಳಿದಳು. ನಾನು ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಂಡೆ. ಎರಡು ಚಪಾತಿ ಸೀದವು.

ಏಪ್ರಿಲ್ 23

ಅಣ್ಣ ಹೇಳಿದ ಕತೆ ಮರೆಯುವ ಮುಂಚೆ ಬರೆದಿಡುತ್ತೇನೆ.

ಆ ವೈನಿನ ಹೆಸರು ಕೋಸ್ ದೆಸ್ತುರ್ನೆಲ್. ಬೋರ್ಡೋ ಎಂಬ ಊರಿನ ಉತ್ತರಕ್ಕೆ, ನದಿಯ ಹತ್ತಿರ, ಬೆಣಚುಕಲ್ಲು ತುಂಬಿದ ಒಂದು ದಿಬ್ಬ. ಬೇರೆ ಬೆಳೆ ಬರದ ಅಂಥ ನೆಲವೇ ದ್ರಾಕ್ಷಿಗೆ ಬೇಕಂತೆ. ಬಳ್ಳಿ ನೀರು ಹುಡುಕಿಕೊಂಡು ಆಳಕ್ಕೆ ಹೋಗಬೇಕು, ಆಗಲೇ ರಸ ಗಟ್ಟಿಯಾಗುತ್ತದೆ. ಇನ್ನೂರು ವರ್ಷಕ್ಕೂ ಹಿಂದೆ ದೆಸ್ತುರ್ನೆಲ್ ಎಂಬ ಸಾಹುಕಾರನಿಗೆ ಆ ದಿಬ್ಬ ಹಿರಿಯರಿಂದ ಬಂತು. ಅವನು ತನ್ನ ವೈನನ್ನು ದೂರದೇಶಕ್ಕೆ ಹಡಗಿನಲ್ಲಿ ಕಳಿಸುತ್ತಿದ್ದ, ಭಾರತಕ್ಕೂ. ಮಾರಾಟವಾಗದ ಸೀಸೆಗಳು ಅದೇ ಹಡಗಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲೆ ತೂಗಾಡಿ ವಾಪಸು ಬರುತ್ತಿದ್ದವು. ಕುಡಿದು ನೋಡಿದರೆ, ಹೋದದ್ದಕ್ಕಿಂತ ಬಂದದ್ದೇ ರುಚಿಯಾಗಿತ್ತಂತೆ. ಅಂಥ ಸೀಸೆಗೆ ಆರ್ ಎಂಬ ಅಕ್ಷರ ಹಾಕಿ, ಭಾರತದಿಂದ ಹಿಂತಿರುಗಿದ್ದು ಎಂದು ಗುರುತು ಮಾಡುತ್ತಿದ್ದರು.

ಆ ಸಾಹುಕಾರ ಪೂರ್ವದೇಶಗಳ ಹುಚ್ಚಿನಲ್ಲಿ ದ್ರಾಕ್ಷಿತೋಟದ ನಡುವೆ ಗೋಪುರಗಳ ಅರಮನೆಯನ್ನೇ ಕಟ್ಟಿಸಿದ. ಜಾಂಜಿಬಾರ್ ಎಂಬ ದ್ವೀಪದ ಅರಮನೆಯಿಂದ ಕೆತ್ತನೆಯ ಬಾಗಿಲು ತರಿಸಿದ. ಆದರೆ ಆ ಅರಮನೆಯಲ್ಲಿ ಮನುಷ್ಯರು ಇರಲಿಲ್ಲ. ಅದು ವೈನು ಇಡುವ ಜಾಗ. ಕೊನೆಗೆ ಕೈ ಖಾಲಿಯಾಗಿ, ಮುದಿವಯಸ್ಸಿನಲ್ಲಿ ತೋಟವನ್ನು ಲಂಡನ್ನಿನ ಒಬ್ಬರಿಗೆ ಮಾರಬೇಕಾಯಿತು. ಮಾರಿದ ಮರುವರ್ಷವೇ ತೀರಿಕೊಂಡ. ಅವನು ಸತ್ತ ಎರಡು ವರ್ಷಕ್ಕೆ ಬೋರ್ಡೋದ ಅತ್ಯುತ್ತಮ ವೈನುಗಳ ಪಟ್ಟಿ ಮಾಡಿದಾಗ ಎರಡನೇ ದರ್ಜೆಯಲ್ಲಿ ಇದನ್ನು ಸೇರಿಸಿದರು. ಅವನು ಅದನ್ನು ನೋಡಲಿಲ್ಲ.

ಅಣ್ಣ ಮದುವೆಗೆ ಮುಂಚೆ ಕಂಪನಿ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿದ್ದರಂತೆ. ಒಂದು ಭಾನುವಾರ ಬಸ್ಸಿನಲ್ಲಿ ಹೋಗುವಾಗ ದ್ರಾಕ್ಷಿತೋಟದ ಮಧ್ಯೆ ಗೋಪುರ ಕಂಡಿತು. "ಆರು ತಿಂಗಳಿಂದ ಯಾರೂ ನನ್ನ ಹೆಸರನ್ನ ಸರಿಯಾಗಿ ಕರೆದಿರಲಿಲ್ಲ ಪುಟ್ಟಿ. ಆ ಗೋಪುರ ನೋಡಿ ಅಲ್ಲೇ ಬಸ್ಸಿಳಿದುಬಿಟ್ಟೆ" ಎಂದರು. ನವ್ಯಾ ಹುಟ್ಟಿದ್ದು 2008ರಲ್ಲಿ. ಆ ವರ್ಷದ ಬೆಳೆಯ ವೈನು ಮಾರಾಟಕ್ಕೆ ಬಂದಾಗ ಒಂದೇ ಒಂದು ಸೀಸೆ ತಂದಿಟ್ಟರು. ಅವರೂ ಅದರ ರುಚಿ ನೋಡಿಲ್ಲ. "ನಿನಗೆ ಇಪ್ಪತ್ತೊಂದು ತುಂಬಿದ ದಿನ ತೆಗೆಯೋಣ. ನಿನಗೆ ಒಂದು ಲೋಟ, ನನಗೊಂದು. ನಿಮ್ಮಜ್ಜಿಗೆ ಸ್ನಾನ."

ಒಂದು ದಿನದ ಪುಟ ಸಾಲದೆ ಎರಡು ದಿನದ ಜಾಗ ತುಂಬಿದೆ.

ಮೇ 19

ಅಣ್ಣನಿಗೆ ವಾಪಸು ಬರಲು ಇಲ್ಲಿಯ ಇಮಿಗ್ರೇಷನ್ನಿನ ಅನುಮತಿ ಬೇಕು. ಅರ್ಜಿ ಹಾಕಿದ್ದಾರೆ.

ಜೂನ್ 15, ಸೋಮವಾರ

ಇವತ್ತು ಅಣ್ಣನ ತಂದೆಯ ತಿಥಿ. ಅಣ್ಣ ಮೈಸೂರಿನಲ್ಲಿ ಮಾಡುತ್ತಾರೆ, ಇಲ್ಲಿ ಗಿರಿಜಮ್ಮನವರು ವಿಡಿಯೋದಲ್ಲಿ ನೋಡುತ್ತಾ ಉಪವಾಸ ಇರುತ್ತಾರೆ. ಐದಕ್ಕೆದ್ದು ಮನೆಯನ್ನೆಲ್ಲ ಒರೆಸಿದೆ. ಅಜ್ಜಿ ಆಫೀಸು ಕೋಣೆಯ ಬಾಗಿಲಲ್ಲಿ ನಿಂತು, "ಆ ಸೀಸೆ ಇವತ್ತೊಂದು ದಿನ ಮನೆಯೊಳಗೆ ಬೇಡ ಕಣೇ. ಅವರ ತಿಥಿ ದಿನ ಹೆಂಡ ಇಟ್ಕೊಂಡು ಕೂತ್ಕೊಳ್ಳೋಕಾಗತ್ಯೇ? ಎಲ್ಲಾದ್ರೂ ಆಚೆ ಇಡು" ಎಂದರು.

ಆಚೆ ಎಂದರೆ ಎಲ್ಲಿ? ಬಾಗಿಲ ಹೊರಗೆ ಇಟ್ಟರೆ ಯಾರಾದರೂ ಒಯ್ದಾರು. ಬಟ್ಟೆ ಒಗೆಯುವ ಜಾಗದ ಕಂಬಿಯಾಚೆ, ಎಸಿಯ ಡಬ್ಬಗಳನ್ನು ಕೂರಿಸಿರುವ ಒಂದು ಕಟ್ಟೆಯಿದೆ. ಮುಟ್ಟಿ ನೋಡಿದೆ, ತಣ್ಣಗಿತ್ತು. ಬಿಸಿಲೂ ಬೀಳುವುದಿಲ್ಲ. ಪೆಟ್ಟಿಗೆಯನ್ನು ಅಲ್ಲಿ ಡಬ್ಬದ ಮುಂದೆ ಇಟ್ಟು ಅಕ್ಕಿಚೀಲ ಮುಚ್ಚಿದೆ. ಮಲಗಿಸಿಯೇ ಇಟ್ಟೆ.

ವಡೆಗೆ ರುಬ್ಬಬೇಕು. ಉಳಿದದ್ದು ಆಮೇಲೆ.

ಜೂನ್ 27

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಡೈರಿ ಇರಲಿಲ್ಲ.

ತಿಥಿಯ ದಿನ ಮಧ್ಯಾಹ್ನ ಕರೆ ಮುಗಿದು, ಗಿರಿಜಮ್ಮನವರು ಎಲೆಯ ಮುಂದೆ ಕೂರಲು ಹೋಗಿ ಹಾಗೇ ಕುಸಿದರು. ಸಕ್ಕರೆ ಇಳಿದಿತ್ತು, ಬಿದ್ದ ಪೆಟ್ಟಿಗೆ ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರೇ ಇರಬೇಕು, ಒಳಗೆ ಹೋದವರು ಬದಲಾಗುವಂತಿಲ್ಲ. ನವ್ಯಾಳನ್ನು ಬಿಟ್ಟು ಅನಿತಕ್ಕ ಬರುವಂತಿರಲಿಲ್ಲ. ನಾನು ಹೋದೆ.

ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ಮೊದಲ ದಿನ ನೀರು ಕೇಳಲೂ ನಾಲಿಗೆ ಏಳಲಿಲ್ಲ. ಎರಡನೆಯ ದಿನ ಅಜ್ಜಿ ನೋವಿನಿಂದ ನರಳುತ್ತಿದ್ದಾಗ ನಾನೇ ಹೊರಗೆ ಹೋಗಿ ನರ್ಸಮ್ಮನ ತೋಳು ಹಿಡಿದು ಕರೆತಂದೆ. ಆಮೇಲೆ ಆಕೆ ಬಂದಾಗಲೆಲ್ಲ "ಸುದಾ ಮಾಕನ್?" ಎಂದು ಕೇಳುತ್ತಿದ್ದಳು. ಊಟವಾಯಿತೇ ಎಂದರ್ಥ. ನಾನೂ ಆಕೆಗೆ ಅದನ್ನೇ ಕೇಳತೊಡಗಿದೆ. ಯಾರೋ ಬೇಯಿಸಿದ ಅನ್ನವನ್ನು ಅಜ್ಜಿ ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ನಾನು ಗದರಿದೆ. ತಿಂದರು.

ಬಂದು ಸ್ನಾನ ಮಾಡಿ ಮಲಗಿದವಳು ಒಂದು ದಿನ ಪೂರ್ತಿ ನಿದ್ದೆ ಮಾಡಿದೆ.

ಜುಲೈ 8

ಅಕ್ಕಿಚೀಲ ಹುಡುಕುತ್ತಾ ಕಟ್ಟೆಯತ್ತ ನೋಡಿದೆ.

ಇಪ್ಪತ್ಮೂರು ದಿನ. ತಿಥಿಯ ದಿನ ಅನಿತಕ್ಕ ರಜೆ ಹಾಕಿದ್ದರು, ಎಸಿ ಓಡುತ್ತಿರಲಿಲ್ಲ. ಅದಕ್ಕೇ ಅಲ್ಲಿ ತಣ್ಣಗಿತ್ತು. ಮಾರನೆಯ ದಿನದಿಂದ ಕೋಣೆಯ ಬಿಸಿಯನ್ನೆಲ್ಲ ಆ ಡಬ್ಬ ಹೊರಗೆ ಊದಿದ್ದು ಈ ಪೆಟ್ಟಿಗೆಯ ಮೇಲೆ. ಕೈಯಿಟ್ಟರೆ ಒಲೆಯ ಪಕ್ಕದ ಗೋಡೆಯಂತೆ ಸುಡುತ್ತಿತ್ತು. ಸೀಸೆಯ ಬಿರಡೆ ಅರ್ಧ ಬೆರಳಿನಷ್ಟು ಮೇಲೆದ್ದಿದೆ, ಅದರ ಮೇಲಿನ ತಗಡು ಉಬ್ಬಿದೆ. ಕತ್ತಿನ ಸುತ್ತ ಕೆಂಪಗೆ ಒಸರಿ ಅಂಟಾಗಿದೆ. ಹುಣಿಸೆಹಣ್ಣು ಬೆಲ್ಲ ಕುದಿಸಿದಂಥ ವಾಸನೆ.

ಒದ್ದೆ ಬಟ್ಟೆಯಿಂದ ಒರೆಸಿದೆ. ಪೆಟ್ಟಿಗೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಜುಲೈ 9

ಹೇಳಲಿಲ್ಲ.

ಜುಲೈ 12

ಅಣ್ಣ ಕರೆಯಲ್ಲಿ ಕೇಳಿದರು, "ದೇವಕಿ, ನನ್ನ ಸೀಸೆ ಸುಖವಾಗಿದ್ಯೇನಮ್ಮ?" ನಾನು ಹೌದೆಂದು ತಲೆಯಾಡಿಸಿದೆ.

ಆಗಸ್ಟ್ 20

ಅಣ್ಣನಿಗೆ ಅನುಮತಿ ಬಂತು. ಸೆಪ್ಟೆಂಬರ್ 12ರ ವಿಮಾನ. ಅನಿತಕ್ಕ ಅಡುಗೆಮನೆಗೆ ಬಂದು ನನ್ನ ಭುಜ ಹಿಡಿದು ಏನೋ ಹೇಳಲು ಹೋಗಿ ಅತ್ತುಬಿಟ್ಟರು. ಅಣ್ಣ ಬಂದ ಮೊದಲ ದಿನವೇ ಅವರ ಎದುರು ನಿಂತು ಹೇಳುತ್ತೇನೆ. ಹೇಗೆ ಹೇಳುವುದೆಂದು ಪಾತ್ರೆ ತೊಳೆಯುವಾಗ ಅಭ್ಯಾಸ ಮಾಡುತ್ತಿದ್ದೇನೆ. "ಅಣ್ಣ, ನನ್ನಿಂದ ತಪ್ಪಾಯಿತು" ಎನ್ನುವುದರವರೆಗೆ ಬರುತ್ತದೆ.

ಸೆಪ್ಟೆಂಬರ್ 2

ಏಳನೇ ತಾರೀಖಿನಿಂದ ಭಾರತದಿಂದ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಅನುಮತಿ ಇದ್ದರೂ. ಆರು ದಿನ ಮುಂಚಿನ ಟಿಕೆಟ್ ಸಿಕ್ಕಿದ್ದರೆ ಎಂದು ಅನಿತಕ್ಕ ಹೇಳುತ್ತಲೇ ಇದ್ದಾರೆ. ನವ್ಯಾ ಊಟ ಮಾಡಲಿಲ್ಲ.

ನನಗೆ ಒಂದು ಕ್ಷಣ ಹಗುರವಾಯಿತು. ಅದನ್ನು ಇಲ್ಲಿ ಬರೆದೇ ಇಡುತ್ತೇನೆ.

ಸೆಪ್ಟೆಂಬರ್ 14

ಅಣ್ಣನಿಗೆ ಜ್ವರ.

ಸೆಪ್ಟೆಂಬರ್ 19

ಆಮ್ಲಜನಕ ಹಚ್ಚಿದ್ದಾರೆ. ಗಿರಿಜಮ್ಮನವರು ವಾಕರ್ ಹಿಡಿದು ದೇವರ ಮುಂದೆ ನಿಂತೇ ಇದ್ದಾರೆ, ಕೂರುವುದಿಲ್ಲ.

ಸೆಪ್ಟೆಂಬರ್ 26

ನರಹರಿ ಅಣ್ಣ ಹೋದರು.

ಅಕ್ಟೋಬರ್ 11

ಹದಿನಾಲ್ಕು ದಿನ ವಿಡಿಯೋದಲ್ಲೇ ಎಲ್ಲ ಆಯಿತು. ದಹನದ ದಿನ ಅದೂ ಇರಲಿಲ್ಲ, ಆಸ್ಪತ್ರೆಯವರೇ ಮಾಡಿದರಂತೆ. ಅಣ್ಣನ ಅಕ್ಕನ ಗಂಡ ಒಂದು ಚಿತ್ರ ಕಳಿಸಿದರು, ಅಸ್ಥಿಯ ಮಡಕೆ ಮಾತ್ರ ಇರುವುದು. ಗಿರಿಜಮ್ಮನವರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಇದರಲ್ಲಿ ಹಿಡಿಸಿದನೇ?" ಎಂದು ಕೇಳಿದರು.

ಅಪ್ಪ ಫೋನು ಮಾಡಿ, ಊರಿಗೆ ವಾಪಸು ಕಳಿಸುವ ವಿಮಾನ ಇವೆಯಂತೆ, ಬಂದುಬಿಡು ಎಂದರು. ಈಗ ಬರುವುದಿಲ್ಲ ಎಂದೆ. ಅಪ್ಪ, "ನೀನೇನಾ ಮಾತಾಡ್ತಿರೋದು?" ಎಂದರು. ಯಾಕೆ ಹಾಗೆ ಕೇಳಿದರೋ.

ನವೆಂಬರ್ 8

ನವ್ಯಾ ಪೆಟ್ಟಿಗೆಯನ್ನು ತನ್ನ ಕೋಣೆಗೆ ಒಯ್ದಳು. ಮುಚ್ಚಳ ತೆಗೆಯುವುದಿಲ್ಲ. ಹಾಸಿಗೆಯ ಪಕ್ಕ ಇಟ್ಟುಕೊಂಡು ಒಂದು ಕೈಯನ್ನು ಅದರ ಮೇಲೆ ಹಾಕಿ ಮಲಗುತ್ತಾಳೆ. ಅನಿತಕ್ಕ ನೋಡಿ ಬಾಗಿಲು ಮುಂದೆ ಮಾಡಿದರು. "ಅವರು ಕೈಯಾರೆ ಕೊಟ್ಟಿರೋದು ಅವಳಿಗೆ ಅದೊಂದೇ" ಎಂದರು.

ನಾನೂ ನೋಡಿದೆ. ಆ ಮಗು ನನ್ನ ಸುಳ್ಳಿನ ಮೇಲೆ ಕೈಯಿಟ್ಟು ಮಲಗಿದೆ.

ನವೆಂಬರ್ 15

ಹೇಳಿದರೆ ಅಜ್ಜಿಯ ಹೆಸರೂ ಬರುತ್ತದೆ. ಆಚೆ ಇಡು ಎಂದವರು ಅವರು. ಮಗನನ್ನು ಕಳೆದುಕೊಂಡವರಿಗೆ ಇದನ್ನೂ ಹೊರಿಸುವುದೇ? ಹೇಳದಿದ್ದರೆ ಒಂಬತ್ತು ವರ್ಷ ಬಿಟ್ಟು ಆ ಹುಡುಗಿ ಒಬ್ಬಳೇ ಬಿರಡೆ ತೆಗೆಯುತ್ತಾಳೆ. ಆಗ ಅಪ್ಪನೇ ಕೆಟ್ಟದ್ದನ್ನು ತಂದಿಟ್ಟಿದ್ದ ಅಂದುಕೊಂಡಾಳು. ಅಣ್ಣ ಬಿಸಿ ತಾಗಬಾರದೆಂದು ಎಷ್ಟು ಜೋಪಾನ ಮಾಡಿದ್ದರು ಎಂದು ಅವಳಿಗೆ ಹೇಳುವವರು ಯಾರಿರುತ್ತಾರೆ?

ಬಾಯಲ್ಲಿ ಬರುವುದಿಲ್ಲ. ಕಾಗದ ಬರೆದು ಅವಳ ಕೈಗೆ ಕೊಡುತ್ತೇನೆ. ಅಜ್ಜಿಯ ಮಾತು ಬೇಡ. ನಾನೇ ಇಟ್ಟೆ ಎಂದಷ್ಟೇ ಬರೆಯುತ್ತೇನೆ.

ನವೆಂಬರ್ 21

ಕಾಗದಕ್ಕೆ ಐದು ದಿನ ಹಿಡಿಯಿತು. ಎರಡು ಪುಟ. ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ನವ್ಯಾಳ ಕೋಣೆಗೆ ಹೋಗಿ ಅವಳ ಕೈಗೆ ಕೊಟ್ಟು ತಿರುಗಿ ಬರುತ್ತಿದ್ದೆ.

"ದೇವಕಿ ಅಕ್ಕ."

ನಿಂತೆ.

"ಐ ಕಾಂಟ್ ರೀಡ್ ದಿಸ್."

ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಅವಳ ಜೊತೆ ಕನ್ನಡದಲ್ಲೇ ಮಾತಾಡಿದ್ದೇನೆ, ಅವಳಿಗೆ ಎಲ್ಲ ತಿಳಿಯುತ್ತದೆ. ಅಕ್ಷರ ಬರುವುದಿಲ್ಲ ಎಂಬುದು ನೆನಪಿಗೇ ಬರಲಿಲ್ಲ.

"ನೀವೇ ಓದಿ" ಎಂದಳು. ಅದನ್ನು ಕನ್ನಡದಲ್ಲಿ ಹೇಳಿದಳು.

ಅನಿತಕ್ಕ ಯಾವುದೋ ಕಡತ ತರಲು ಬಂದವರು ಬಾಗಿಲಲ್ಲೇ ನಿಂತರು. ಹಜಾರದಿಂದ ಅಜ್ಜಿಯ ವಾಕರ್ ಸದ್ದು ಹತ್ತಿರ ಬಂತು. ಕಾಗದವನ್ನು ಮಡಚಿ ಆಮೇಲೆ ಎನ್ನಬಹುದಿತ್ತು. ಓದಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಅಣ್ಣ ಒಪ್ಪಿಸಿದ್ದು, ಮಲಗಿಸಿಯೇ ಇಡು ಎಂದದ್ದು, ತಿಥಿಯ ದಿನ ನಾನು ಆಚೆ ಇಟ್ಟದ್ದು, ಆಸ್ಪತ್ರೆ, ಇಪ್ಪತ್ಮೂರು ದಿನ, ಮೇಲೆದ್ದ ಬಿರಡೆ. ಅಣ್ಣ ಕೇಳಿದಾಗ ತಲೆಯಾಡಿಸಿದ್ದು. ಅಲ್ಲಿಗೆ ಬಂದಾಗ ನಿಲ್ಲಬೇಕಾಯಿತು. ಆಮೇಲೆ ಮುಂದಿನದನ್ನೂ ಓದಿದೆ.

ಅನಿತಕ್ಕ, "ಐದು ತಿಂಗಳು ದೇವಕಿ. ಐದು ತಿಂಗಳು ಹೇಳಲಿಲ್ವಾ ನೀನು?" ಎಂದರು. "ನಾವು ನಿನ್ನನ್ನ ಮನೆಯವಳು ಅಂತ—"

"ಅವಳನ್ನ ಯಾಕೆ ಕೇಳ್ತೀಯೇ" ಎಂದರು ಗಿರಿಜಮ್ಮನವರು. "ಆಚೆ ಇಡು ಅಂದೋಳು ನಾನು."

ವಾಕರ್ ತಳ್ಳುತ್ತಾ ಕೋಣೆಯೊಳಗೆ ಬಂದರು.

"ಅವಳು ಬರೆದಿಲ್ಲ, ನನ್ನ ಹೆಸರು ಬಿಟ್ಟಿದಾಳೆ. ನಾನೇ ಅಂದಿದ್ದು. ನನ್ನ ಮಗ ಹಾಸಿಗೆ ಹಾಸಿ ಮಲಗಿಸಿದ್ದನ್ನ ನಾನು ಆಚೆ ಹಾಕಿಸಿದೆ. ಆಮೇಲೆ ನೆನಪೂ ಮಾಡಲಿಲ್ಲ." ವಾಕರಿನ ಮೇಲೆ ಎರಡೂ ಕೈಯೂರಿ ಉಸಿರು ತೆಗೆದುಕೊಂಡರು. "ಅದನ್ನ ಯಾರಾದ್ರೂ ತೆಗೆದು ತೋರಿಸಿ ನನಗೆ."

ನವ್ಯಾ ಮುಚ್ಚಳ ತೆಗೆದಳು. ಉಬ್ಬಿದ ತಗಡನ್ನು ಬೆರಳಿಂದ ಮುಟ್ಟಿದಳು.

"ಆ ಶಿಪ್ಸ್ ಕೂಡ ಹಾಟ್ ಇತ್ತಲ್ವಾ?" ಎಂದು ನನ್ನನ್ನು ಕೇಳಿದಳು. "ಅಪ್ಪ ಸೆಡ್ ಇಟ್ ಕೇಮ್ ಬ್ಯಾಕ್ ಬೆಟರ್."

ಹೌದು ಎನ್ನಬಹುದಿತ್ತು. "ಅದು ಹಡಗಿನ ಹೊಟ್ಟೆಯೊಳಗಿನ ಕತ್ತಲೆ ಪುಟ್ಟಿ. ಇದು ಬೆಂಕಿಯಂಥ ಗಾಳಿ. ಕೆಟ್ಟಿರಬಹುದು. ಕೆಟ್ಟೇ ಇರಬಹುದು" ಎಂದೆ.

ಅವಳು ಅತ್ತಳು. ಸೆಪ್ಟೆಂಬರಿನಿಂದ ಇವತ್ತಿನವರೆಗೆ ಅವಳು ಹಾಗೆ ಅತ್ತಿರಲಿಲ್ಲ. ಅನಿತಕ್ಕ ಅವಳನ್ನು ತಬ್ಬಿಕೊಂಡು ನೆಲದ ಮೇಲೆ ಕೂತರು. ಬಹಳ ಹೊತ್ತಾದ ಮೇಲೆ ನವ್ಯಾ ಮೂಗು ಒರೆಸಿಕೊಂಡು, "ಕೆಟ್ಟಿದ್ರೂ ಐ'ಲ್ ಓಪನ್ ಇಟ್. ಸೇಮ್ ಡೇ. ಇಟ್ಸ್ ಮೈನ್" ಎಂದಳು. ಕಾಗದವನ್ನೂ ಪೆಟ್ಟಿಗೆಯಲ್ಲೇ ಇಡಬೇಕಂತೆ. ಅಷ್ಟರೊಳಗೆ ಅದನ್ನು ತಾನೇ ಓದುವಂತೆ ನಾನು ಕಲಿಸಬೇಕಂತೆ. ಐದನೇ ಕ್ಲಾಸಿನವಳು ನಾನು ಎಂದೆ. "ಐ'ಮ್ ಇನ್ ಝೀರೋ ಕ್ಲಾಸ್" ಎಂದಳು.

ಅಜ್ಜಿ ಅಲ್ಲಿಯವರೆಗೂ ನಿಂತೇ ಇದ್ದರು. "ಈ ಮನೇಲಿ ಎಲ್ಲಕ್ಕಿಂತ ತಣ್ಣಗಿರೋದು ಎಲ್ಲಿ?" ಎಂದು ಕೇಳಿದರು.

ಅವರ ಕೋಣೆಯೇ. ಎದುರು ಕಟ್ಟಡದ ನೆರಳು ದಿನವಿಡೀ ಅಲ್ಲಿ ಬೀಳುತ್ತದೆ. ಅದರಲ್ಲೂ ಮಡಿಸೀರೆ ಇಡುವ ಬೀರುವಿನ ಕೆಳಗಿನ ಅರೆ.

"ಹಾಗಾದ್ರೆ ಅಲ್ಲಿಡು" ಎಂದರು.

ನವೆಂಬರ್ 22

ಅನಿತಕ್ಕ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟಾಗ, "ನಿನ್ನದಾಯ್ತಾ?" ಎಂದು ಮಾತ್ರ ಕೇಳಿದರು. ಆಯಿತು ಎಂದೆ.

ನವ್ಯಾಳಿಗೆ ಅ, ಆ ಬರೆದುಕೊಟ್ಟೆ. ಅ ಅಕ್ಷರವನ್ನು ತಲೆಕೆಳಗಾಗಿ ಬರೆದಳು.

ಗಿರಿಜಮ್ಮನವರು ಸ್ನಾನ ಮಾಡಿ ಬಂದು ಬೀರು ತೆರೆದರು. ಮಡಿಸೀರೆ ತೆಗೆದುಕೊಡಲು ನಾನು ಪಕ್ಕದಲ್ಲಿ ನಿಂತಿದ್ದೆ. ಅವರು ಒಂದು ಕೈಯಲ್ಲಿ ವಾಕರ್ ಹಿಡಿದು ಕಷ್ಟಪಟ್ಟು ಬಗ್ಗಿ, ಇನ್ನೊಂದು ಕೈಯನ್ನು ಮರದ ಪೆಟ್ಟಿಗೆಯ ಮೇಲಿಟ್ಟರು. ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ಹಾಗೇ ಇದ್ದರು. ನಾನು ಮತ್ತೆ ಬಿಸಿನೀರು ಬಿಡಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಬಕೆಟ್ಟು ತುಂಬಿತು.

ಅವರು ಬರಲಿಲ್ಲ. ಅದೇ ಕೈಯಿಂದ ದೇವರಿಗೆ ದೀಪ ಹಚ್ಚುತ್ತಿದ್ದರು.